ಹಿಡಿದ ಮೀನಿಗೆ ಬಕೆಟ್: ಮೂರನೇ ವಾರ

ಹಿಡಿದ ಮೀನನ್ನು ಜೀವಂತ ಇಡುವ ಬಕೆಟ್ ಅಂತೂ ಒಂದು ಹದಕ್ಕೆ ಬಂತು. ನಿನ್ನೆ ಬೆಳಗ್ಗೆ ಏಳಕ್ಕೆ ಗಾಳಕ್ಕೆ ಬಿದ್ದ ಮೀನು, ಮಧ್ಯಾಹ್ನ ಒಂದಕ್ಕೆ ಮುಚ್ಚಳ ತೆಗೆದಾಗ ಬಾಲ ಬಡಿದು ನನ್ನ ಮುಖಕ್ಕೇ ನೀರು ಎರಚಿತು. ಎಷ್ಟು ಖುಷಿಯಾಯಿತು ಅಂದ್ರೆ, ಗಾಳ ಬದಿಗಿಟ್ಟು ಸುಮ್ನೆ ನೋಡುತ್ತಾ ಕೂತೆ.

ಮೊದಲ ವಾರ ಹೀಗಿರಲಿಲ್ಲ. 20 ಲೀಟರ್ ಬಕೆಟ್, ಆರು ಮೀನು, ನೆತ್ತಿ ಮೇಲೆ ಬಿಸಿಲು. ಒಂದು ಗಂಟೆಯೊಳಗೆ ಎಲ್ಲವೂ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಕಿವಿರು ಪಟಪಟ ಬಡಿಯುತ್ತಿತ್ತು. ನೋಡಲಾಗಲಿಲ್ಲ. ನೀರಿದ್ದರೆ ಸಾಕು ಅಂದುಕೊಂಡಿದ್ದೆ, ಆದರೆ ಅವಕ್ಕೆ ಬೇಕಿದ್ದದ್ದು ನೀರೊಳಗಿನ ಆಮ್ಲಜನಕ. 20 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಏರಿದರೆ ಅದು ಏಳೂವರೆಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಉಸಿರು ಜಾಸ್ತಿ ಬೇಕು, ಸಿಗುವುದು ಮಾತ್ರ ಕಡಿಮೆ.

ಎರಡನೇ ವಾರ ಬ್ಯಾಟರಿ ಏರ್ ಪಂಪ್ ತಂದೆ. ಮುಚ್ಚಳಕ್ಕೆ ಪೈಪ್ ಇಳಿಸಲು ಒಂದು ತೂತು, ಗಾಳಿ ಹೊರಹೋಗಲು ನಾಲ್ಕು ತೂತು. ಬರೀ ಪೈಪ್ ಬಿಟ್ಟಾಗ ಗೋಲಿಯಷ್ಟು ದಪ್ಪ ಗುಳ್ಳೆ ಬುಳಬುಳ ಮೇಲೆ ಬಂದು ಒಡೆಯುತ್ತಿತ್ತು. ತುದಿಗೆ ಏರ್ ಸ್ಟೋನ್, ಅಂದ್ರೆ ಸಣ್ಣ ಸಣ್ಣ ತೂತಿನ ಕಲ್ಲು, ಹಾಕಿದ ಮೇಲೆ ಹಾಲಿನ ನೊರೆಯಂಥ ಸಣ್ಣ ಗುಳ್ಳೆ. ಸಣ್ಣದಾದಷ್ಟೂ ನಿಧಾನಕ್ಕೆ ಏರುತ್ತದೆ, ನೀರಿಗೆ ಹೆಚ್ಚು ತಾಗುತ್ತದೆ. ಒಂದು ಎಡವಟ್ಟೂ ಆಯಿತು. ಪಂಪನ್ನು ಕೆಳಗೆ ಸಿಕ್ಕಿಸಿದ್ದೆ. ಬ್ಯಾಟರಿ ಮುಗಿದು ನಿಂತಾಗ ನೀರು ಪೈಪಿನಲ್ಲಿ ವಾಪಸ್ ಹರಿದು ಪಂಪಿನೊಳಗೆ ಹೋಯಿತು. ಈಗ ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ, ಹಿಡಿಗೆ ಕಟ್ಟಿಕೊಂಡಿದೆ.

ಈ ವಾರ ಪಂಪಿಗಿಂತ ಹೆಚ್ಚು ಕೆಲಸ ಮಾಡಿದ್ದು ಒದ್ದೆ ಗೋಣಿಚೀಲ ಅಂತ ನನಗೆ ಅನ್ನಿಸುತ್ತದೆ. ಬಕೆಟ್ ಸುತ್ತ ಸುತ್ತಿ ನೆರಳಿನಲ್ಲಿಟ್ಟೆ. ಆರರ ಬದಲು ಮೂರೇ ಮೀನು. ಗಂಟೆಗೊಮ್ಮೆ ಅರ್ಧ ನೀರು ಚೆಲ್ಲಿ, ಮೀನು ಹಿಡಿದ ಜಾಗದ ನೀರನ್ನೇ ತುಂಬಿದೆ. ಮೀನು ಬಿಡುವ ಅಮೋನಿಯಾ ಅವಕ್ಕೇ ವಿಷ, ಅದು ಹಾಗೆ ಹೊರಗೆ ಹೋಗುತ್ತದೆ. ನಲ್ಲಿ ನೀರು ಬೇಡವೇ ಬೇಡ, ಅದರ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಮೀನು ಮುಟ್ಟುವಾಗ ಕೈ ಒದ್ದೆ ಇರಲಿ. ಒಣ ಕೈಗೆ ಮೈಯ ಲೋಳೆ ಕಿತ್ತು ಬರುತ್ತದೆ, ಅದೇ ಅಲ್ವಾ ಅದರ ರಕ್ಷಣೆ?

ಹಗ್ಗಕ್ಕೆ ಪೋಣಿಸಿ ನೀರಲ್ಲಿ ಬಿಡುವುದನ್ನು ನಾನು ನಿಲ್ಲಿಸಿದ್ದೇನೆ. ಕಿವಿರಿನ ಮೂಲಕ ಪೋಣಿಸಿದರಂತೂ ಮೀನು ಉಳಿಯುವುದಿಲ್ಲ.

ಮುಂದಿನದು ತೇಲುವ ಬುಟ್ಟಿ. ಗಂಟಿಲ್ಲದ ಮೆತ್ತನೆ ಬಲೆ ಸಿಕ್ಕಿದೆ, ಹುರುಪೆ ಕೆರೆಯುವುದಿಲ್ಲ. ಬಲೆಗೆ ಬಳೆಯಂಥ ಎರಡು ದುಂಡು ಚೌಕಟ್ಟು ಕಟ್ಟಿಯಾಯಿತು, ಮೇಲಿನದಕ್ಕೆ ಥರ್ಮೋಕೋಲ್ ಸುತ್ತುವುದು ಬಾಕಿ.