ಯಾವುದನ್ನ ಸರಿಸಲಿ ಸರ್?

ನಾಲ್ಕು ದಿನವಾಯ್ತು. ಆ ಡ್ರೈವರ್ ಕೇಳಿದ ಮಾತು ನೆನಪಾದಾಗಲೆಲ್ಲ ಒಬ್ಬನೇ ನಗ್ತೇನೆ.

ನೈರೋಬಿಯಲ್ಲಿ ನಮ್ಮ ಆಫೀಸ್ ಕೆಲಸ ಶುಕ್ರವಾರವೇ ಮುಗಿದಿತ್ತು, ವಾಪಸ್ ವಿಮಾನ ಇದ್ದದ್ದು ಭಾನುವಾರ. ದೂರದ ಮಾಸಾಯಿ ಮಾರಾ ಕಾಡಿಗೆ ಹೋಗಿ ಬರುವಷ್ಟು ಪುರುಸೊತ್ತಿಲ್ಲ. ಊರಿಗೆ ಅಂಟಿಕೊಂಡೇ ಇರುವ ನೈರೋಬಿ ನ್ಯಾಷನಲ್ ಪಾರ್ಕಿಗೆ ಹೊರಟೆವು. ನಗರದ ಮಧ್ಯಭಾಗದಿಂದ 7 ಕಿಲೋಮೀಟರ್ ಅಷ್ಟೇ. 1946ರಲ್ಲಿ ಶುರುವಾದದ್ದು, 117 ಚದರ ಕಿಲೋಮೀಟರ್ ಹುಲ್ಲುಗಾವಲು. ಆನೆ ಮಾತ್ರ ಇಲ್ಲ.

ಒಳಗೆ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಘೇಂಡಾಮೃಗ ಸಿಕ್ಕಿತು. ಬಿಳಿ ಘೇಂಡಾಮೃಗ ಅಂತ ಹೆಸರು, ಮೈಯೆಲ್ಲ ಬೂದಿ ಬಣ್ಣ. ಅಗಲ ಬಾಯಿಯನ್ನು ನೆಲಕ್ಕೆ ಹಚ್ಚಿ ಚರ್ ಚರ್ ಅಂತ ಹುಲ್ಲು ಕೀಳುತ್ತಿತ್ತು. ಒಂದು ಕಿವಿ ನಮ್ಮ ಕಡೆ, ಇನ್ನೊಂದು ಬೇರೆಲ್ಲೋ. ಬೆನ್ನ ಮೇಲೆ ಕೆಂಪು ಕೊಕ್ಕಿನ ಹಕ್ಕಿಯೊಂದು ಉಣುಗು ಹೆಕ್ಕುತ್ತಿತ್ತು. ಅದರ ಹಿಂದೆ, ದೂರದಲ್ಲಿ, ಸಾಲು ಸಾಲು ಎತ್ತರದ ಕಟ್ಟಡಗಳು.

ಜೊತೆಗಿದ್ದ ಸಹೋದ್ಯೋಗಿಗೆ ಅದೇ ತಕರಾರು. ಹೋಟೆಲ್ ರೂಮಿನ ಪರದೆಯ ಬಣ್ಣಕ್ಕೂ ಮುಖ ಸಿಂಡರಿಸಿದ್ದ ಆಸಾಮಿ ಅವನು. ಮೊಳದುದ್ದದ ಲೆನ್ಸ್ ಇಳಿಸಿ, "ಫೋಟೋದಲ್ಲಿ ಬಿಲ್ಡಿಂಗ್ ಬರ್ತಿದೆ, ಏನಾದ್ರೂ ಮಾಡಿ" ಅಂದ.

ಡ್ರೈವರ್ ನಿಧಾನಕ್ಕೆ ಹಿಂದೆ ತಿರುಗಿದ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ಯಾವುದನ್ನ ಸರಿಸಲಿ ಸರ್? ಬಿಲ್ಡಿಂಗನ್ನಾ, ಕಿಫಾರುವನ್ನಾ?"

ಕಿಫಾರು ಅಂದರೆ ಸ್ವಾಹಿಲಿಯಲ್ಲಿ ಘೇಂಡಾಮೃಗ. ನಾನು ಕಿಟಕಿಯ ಕಡೆ ತಿರುಗಿ ನಗು ನುಂಗಿದೆ. ಯಾವುದನ್ನ ಸರಿಸಲಿ ಸರ್! ಎಷ್ಟು ಮರ್ಯಾದೆಯಿಂದ ಕೇಳಿದ ಅಂತೀರಿ.

ಆಮೇಲೆ ಸಿಕ್ಕಿದ್ದು ರೈಲು. ಹೌದು, ಪಾರ್ಕಿನ ಮೇಲೇ ಸುಮಾರು 6 ಕಿಲೋಮೀಟರ್ ಉದ್ದದ ಸೇತುವೆ ಕಟ್ಟಿ ನೈವಾಶಾ ಕಡೆಗೆ ಹಳಿ ಹಾಕಿದ್ದಾರೆ. 2019ರಿಂದ ಅದರ ಮೇಲೆ ಜನ ಓಡಾಡುತ್ತಿದ್ದಾರೆ. ಕಂಬಗಳ ಹತ್ತಿರ ಮೂರು ಜಿರಾಫೆ ಮೇಯುತ್ತಿದ್ದವು. ರೈಲು ಹೋಯಿತು. ಒಂದೂ ಕತ್ತೆತ್ತಲಿಲ್ಲ. ಕತ್ತು ಮೊದಲೇ ಮೇಲಿತ್ತು ಅನ್ನಿ.

ದಂತ ಸುಟ್ಟ ಜಾಗದಲ್ಲಿ ನಾನೊಬ್ಬನೇ ಇಳಿದೆ. ದಂತದ ವ್ಯಾಪಾರ ನಿಲ್ಲಲಿ ಅಂತ 1989ರಲ್ಲಿ ಕೆನ್ಯಾದ ಆಗಿನ ಅಧ್ಯಕ್ಷ ಮೋಯ್ 12 ಟನ್ ಆನೆದಂತಕ್ಕೆ ಬೆಂಕಿ ಇಟ್ಟದ್ದು ಇಲ್ಲೇ. 2016ರಲ್ಲಿ 105 ಟನ್ ಸುಟ್ಟರು. ಆನೆಯೇ ಇಲ್ಲದ ಕಾಡಿನಲ್ಲಿ ಇಷ್ಟೊಂದು ಆನೆಗಳ ಬೂದಿ. ನಮ್ಮ ಫೋಟೋಗ್ರಾಫರ್ ವ್ಯಾನಿನಲ್ಲೇ ಕೂತು ಬಿಲ್ಡಿಂಗ್ ಬಂದ ಚಿತ್ರಗಳನ್ನು ಅಳಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ಅಂಚಿಗೆ ಬಂದೆವು. ಉಳಿದ ಮೂರು ಕಡೆ ಬೇಲಿ ಇದೆ, ಈ ಕಡೆ ತೆರೆದಿದೆ. ಜೀಬ್ರಾಗಳು ಮಳೆಗಾಲದಲ್ಲಿ ಹೊರಗಿನ ಬಯಲಿಗೆ ಹೋಗಿ, ಬೇಸಿಗೆಯಲ್ಲಿ ನೀರು ಹುಡುಕಿಕೊಂಡು ಒಳಗೆ ಬರುವ ದಾರಿ ಇದು. "ಹಾಂ, ಇದು ಕಾಡು!" ಅಂತ ಸಹೋದ್ಯೋಗಿ ಖುಷಿಯಾದ.

ಡ್ರೈವರ್ ಕೈ ಚಾಚಿದ. "ಅಲ್ಲಿ ಆಚೆಗೆ ಕಿಟೆಂಗೆಲಾ. ನನ್ನ ಮನೆ ಅಲ್ಲೇ. ಮೊದಲು ಆ ಜಾಗದಲ್ಲೂ ಜೀಬ್ರಾ ಮೇಯ್ತಿದ್ವು."

"ಈಗ?"

"ಈಗ ಬೇಲಿ ಹಾಕ್ಕೊಂಡಿದೀನಿ. ಮಕ್ಕಳಿದಾರಲ್ವಾ."

ಅಷ್ಟು ಹೇಳಿ ಗೇರ್ ಹಾಕಿದ. ಬೆಳಿಗ್ಗೆ ನಗಿಸಿದ ಪ್ರಶ್ನೆ ಆಗ ಬೇರೆ ಥರ ಕೇಳಿಸಿತು. ಅವನನ್ನಂತೂ ಸರಿಸೋಕಾಗಲ್ಲ. ದೂರದ ಊರಿಂದ ವಿಮಾನ ಹತ್ತಿ ಬಂದು ಅವನ ಮನೆ ಎಲ್ಲಿರಬೇಕಿತ್ತು ಅಂತ ಹೇಳೋಕೆ ನಾನ್ಯಾರು? ಹಾಗಂತ ಜೀಬ್ರಾ ಬೇಲಿಗೆ ಮೂತಿ ತಾಗಿಸಿ ನಿಂತಿರುವ ಚಿತ್ರವೂ ತಲೆಯಿಂದ ಹೋಗಲಿಲ್ಲ.

ರಾತ್ರಿ ಮನೆಯವರಿಗೆ ಕಳಿಸೋಣ ಅಂತ ಮೊಬೈಲಿನಲ್ಲಿದ್ದ ಘೇಂಡಾಮೃಗದ ಫೋಟೋ ತೆರೆದೆ. ಸಹೋದ್ಯೋಗಿಗೆ ನಕ್ಕವನು ನಾನೇ, ಆದರೂ ಬೆರಳು ಸುಮ್ನೆ ಕ್ರಾಪ್ ಒತ್ತಿತು. ಮೇಲಿನ ಗೆರೆ ಕೆಳಗೆಳೆದೆ. ಕಟ್ಟಡಗಳು ಹೋದವು. ಅವುಗಳ ಜೊತೆ ಬೆನ್ನ ಮೇಲಿನ ಹಕ್ಕಿಯೂ ಹೋಯಿತು.