ಕ್ರೀಮ್ ಕಲರೋ, ಬಿಸ್ಕಿಟ್ ಕಲರೋ?

ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಇವೆರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಗೋಡೆಗೆ ಏರಿದ ಮೇಲೆ ಗುಣವೇ ಬೇರೆ. ಬಿಳಿ ಬೇಸ್ ಪೇಂಟಿಗೆ ತುಸು ಹಳದಿ ಆಕ್ಸೈಡ್ ಬಿದ್ದರೆ ಕ್ರೀಮ್. ಜತೆಗೆ ಕೆಂಪು ಆಕ್ಸೈಡ್, ಚೂರು ಕಪ್ಪು ಸೇರಿದರೆ ಬಿಸ್ಕಿಟ್.

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಕಿಟಕಿ ತೆರೆದರೆ ಅಡಿಕೆ ತೋಟ. ಬೆಳಕು ಸೋಗೆಗಳನ್ನು ದಾಟಿ ಹಸಿರಾಗಿಯೇ ಒಳಗೆ ಬರುತ್ತದೆ. ಆ ಬೆಳಕಿಗೆ ಕ್ರೀಮ್ ಗೋಡೆ ಎಳೆನಿಂಬೆಯ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದ ಮೋಡಕ್ಕಂತೂ ಜ್ವರ ಬಿಟ್ಟೆದ್ದವರ ಮುಖ. ಬಿಸ್ಕಿಟ್ಟಿನೊಳಗಿನ ಕೆಂಪು ಆ ಹಸಿರನ್ನು ನುಂಗಿಕೊಳ್ಳುತ್ತದೆ, ಹಾಗಾಗಿ ತೋಟದ ಬದಿಯ ಕೋಣೆಗೆ ಅದೇ ಸರಿ. ಆದರೆ ಕಾವಿ ನೆಲವಿದ್ದರೆ ಲೆಕ್ಕ ತಿರುಗಿತು. ನೆಲಕ್ಕೆ ಬಿದ್ದ ಬಿಸಿಲು ಕೆಂಪಾಗಿ ಗೋಡೆಗೆ ಹಾರುತ್ತದೆ, ಬಿಸ್ಕಿಟ್ ಗೋಡೆಯ ಕೆಳಭಾಗ ಗುಲಾಬಿ ಕಾಣುತ್ತದೆ. ಅಲ್ಲಿ ಕ್ರೀಮ್ ಇರಲಿ. ತೋಟವೂ ಇದೆ, ಕಾವಿ ನೆಲವೂ ಇದೆ ಎಂದಾದರೆ ಹಚ್ಚಿ ನೋಡದೆ ಹೇಳಲಾಗದು.

ಹಚ್ಚಿ ನೋಡುವುದಕ್ಕೂ ಕ್ರಮವಿದೆ. 2 ಅಡಿ ಚೌಕದ ಹಲಗೆಗೆ ಒಂದು ಕೋಟು ಪ್ರೈಮರ್, ಮೇಲೆ ಎರಡು ಕೋಟು ಬಣ್ಣ, ನಡುವೆ 4 ಗಂಟೆ. ಸುತ್ತ ಎರಡು ಬೆರಳಗಲ ಬಿಳಿ ಬಿಡಿ, ಇಲ್ಲದಿದ್ದರೆ ಹಳೆ ಗೋಡೆಯ ಬಣ್ಣ ಕಣ್ಣನ್ನು ಮೋಸಗೊಳಿಸುತ್ತದೆ. ಹಲಗೆಯನ್ನು ನೆಲಕ್ಕೆ ಹಾಸದೆ ಗೋಡೆಗೆ ಆನಿಸಿಡಿ. ಎಮಲ್ಷನ್ (ನೀರು ಬೆರೆಸಿ ಹಚ್ಚುವ ಪೇಂಟ್) ಒಣಗುತ್ತ ಗಾಢವಾಗುವುದರಿಂದ ಹಸಿಯಲ್ಲಿ ತೀರ್ಮಾನ ಬೇಡ. ಬೆಳಗ್ಗೆ, ಮಧ್ಯಾಹ್ನ, ಸಂಜೆ 4ಕ್ಕೆ, ಮತ್ತೆ ರಾತ್ರಿ ದೀಪದಲ್ಲಿ ನೋಡಿ. ದೀಪದ ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಅಳೆಯುತ್ತಾರೆ: 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿಗೆ ಬಿಸ್ಕಿಟ್ ಬೂದಿಯಾಗುತ್ತದೆ, 3000ದ ಹಳದಿ ಬೆಳಕಿಗೆ ಕ್ರೀಮ್ ಅರಸಿನವಾಗುತ್ತದೆ. 4000 ಎರಡಕ್ಕೂ ಹೊಂದುತ್ತದೆ.

10x12ರ ಕೋಣೆ, 10 ಅಡಿ ಎತ್ತರ: ಗೋಡೆ 440 ಚದರಡಿ, ಬಾಗಿಲು ಕಿಟಕಿ ಕಳೆದರೆ ಸುಮಾರು 390. ಪುಟ್ಟಿ ಎಳೆದ ಗೋಡೆಗೆ ಎರಡು ಕೋಟು ಹಚ್ಚಲು ಲೀಟರಿಗೆ 65 ಚದರಡಿ ಹಿಡಿದರೆ 6 ಲೀಟರ್. ಮುಂದೆ ತೇಪೆಗೆಂದು ಅರ್ಧ ಲೀಟರ್ ಸೇರಿಸಿ ಎಲ್ಲವನ್ನೂ ಒಂದೇ ಸಲ ಮಿಕ್ಸ್ ಮಾಡಿಸಿ, ಡಬ್ಬಗಳನ್ನು ದೊಡ್ಡ ಬಕೆಟಿಗೆ ಸುರಿದು ಕಲಸಿ. ಬಿಸ್ಕಿಟ್ಟಿನಲ್ಲಿ ಕಪ್ಪು ಒಂದು ಹನಿ ಹೆಚ್ಚುಕಡಿಮೆಯಾದರೂ ಗೋಡೆ ನಡುವೆ ಗೆರೆ ಬೀಳುತ್ತದೆ.

ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಮಳೆನೀರು ಹೀರಿಕೊಂಡು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಡಿಸೆಂಬರ್ ಕಳೆಯಲಿ, ಹೊಸ ಸಾರಣೆಗಾದರೆ ಕನಿಷ್ಠ 28 ದಿನ. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಒಂದು ದಿನ ಅಂಟಿಸಿಡಿ, ಒಳಗೆ ಬೆವರು ಕಂಡರೆ ಬ್ರಶ್ ಮುಟ್ಟಬೇಡಿ. ಹಸಿ ಗೋಡೆಗೆ ಹಚ್ಚಿದರೆ ಬಿಸ್ಕಿಟ್ಟಿನ ಮೇಲೆ ಉಪ್ಪಿನ ಬಿಳಿ ಹುಡಿ ಎದ್ದು ಕಾಣುತ್ತದೆ, ಕ್ರೀಮಿನ ಮೇಲೆ ಬೂಷ್ಟಿನ ಕಪ್ಪು ಚುಕ್ಕೆ.

ಆ ಅರ್ಧ ಲೀಟರ್ ಉಳಿಸಿಡಿ. ಕ್ರೀಮಿಗೆ ತೇಪೆ ಹಚ್ಚಿದರೆ ಅಷ್ಟಾಗಿ ಗೊತ್ತಾಗದು. ಬಿಸ್ಕಿಟ್ಟಿಗಾದರೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಹೊಡೆಯಬೇಕು.