ಕಾಲುಸಂಕವೂ ಕಾನೂನೂ

ಕಳೆದ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ರಾಜಧಾನಿ ಲಿಂಕನ್‌ನ ಶಾಸನಭವನದಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದೆ. ಮುದುಕರಾದ ರೈತರೊಬ್ಬರು ಸಮಿತಿಯ ಎದುರಿನ ಕುರ್ಚಿಗೆ ಬಂದು, ಅಂತರ್ಜಲದ ಮಸೂದೆಯಿಂದ ತಮ್ಮ ಜೋಳದ ಹೊಲಕ್ಕೆ ಏನಾಗುತ್ತದೆಂದು ವಿವರಿಸಿದರು. ಶಾಸಕರು ಬರೆದುಕೊಂಡರು. ಇಲ್ಲಿ ಪ್ರತಿಯೊಂದು ಮಸೂದೆಗೂ ಸಾರ್ವಜನಿಕ ಅಹವಾಲು ಆಗಲೇಬೇಕು.

ನನಗೆ ಅಪ್ಪ ನೆನಪಾದರು. ಶಿವಮೊಗ್ಗ ಜಿಲ್ಲೆಯ ಹೊಸನಗರದ ನಮ್ಮ ಹಳ್ಳಿಯಿಂದ ಅವರು ಮೊದಲ ಬಸ್ಸಿಗೇ ಶಾಸಕರನ್ನು ಕಾಣಲು ಹೊರಡುತ್ತಿದ್ದರು. ಒಂದು ಅರ್ಜಿ ಬಗರ್‌ಹುಕುಂ ಜಮೀನಿನದು, ಇನ್ನೊಂದು ಹಳ್ಳಕ್ಕೆ ಕಾಲುಸಂಕ ಬೇಕೆಂದು. 2008ರಲ್ಲಿ ಹೊಸನಗರ ಕ್ಷೇತ್ರವೇ ಇಲ್ಲವಾಗಿ ತಾಲ್ಲೂಕು ಸಾಗರ, ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋದ ಮೇಲೆ ಆ ದಾರಿ ಇನ್ನೂ ಉದ್ದವಾಯಿತು. ಶಾಸಕರ ಜಗಲಿಯ ತುಂಬ ಜನ: ವರ್ಗಾವಣೆ, ಮೋರಿ, ಆಸ್ಪತ್ರೆ ಬಿಲ್ಲು. ಬೆಳಗಿನಿಂದ ಇದನ್ನೇ ಕೇಳುವವರು ಮಸೂದೆ ಓದುವುದು ಯಾವಾಗ? ಶಾಸಕರನ್ನು ನಾನು ದೂರುತ್ತಿಲ್ಲ. ಎರಡು ಕೆಲಸಗಳನ್ನು ಒಬ್ಬರ ತಲೆಗೆ ಕಟ್ಟಿದ್ದೇವೆ.

ನೆಬ್ರಾಸ್ಕಾದ ಹಳ್ಳಿಗಳಲ್ಲಿ ಜಲ್ಲಿ ರಸ್ತೆಯ ಹೊಣೆ ಕೌಂಟಿ ಮಂಡಳಿಯದು. ನಮ್ಮಲ್ಲಿ ಅಂಥ ಕೆಲಸಕ್ಕೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿವೆ. ಆದರೆ 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಾಲುಸಂಕ ಕೇಳಲು ಶಾಸಕರ ಹೊರತು ಇನ್ಯಾರಿದ್ದಾರೆ? ಮೊದಲು ಆ ಚುನಾವಣೆಗಳು ತಪ್ಪದೆ ನಡೆಯಲಿ, ಕಾಮಗಾರಿಯೂ ಅದರ ಹಣವೂ ಅಲ್ಲಿಗೇ ಹೋಗಲಿ. ಶಾಸಕರು ಕಾನೂನು ಮಾಡಲಿ, ಸರ್ಕಾರದಿಂದ ಲೆಕ್ಕ ಕೇಳಲಿ.

ನೆಬ್ರಾಸ್ಕಾದ್ದೆಲ್ಲವೂ ನಮಗೆ ಒಗ್ಗುವುದಿಲ್ಲ. ಈಗ 49 ಸದಸ್ಯರಿರುವ ಒಂದೇ ಸದನ, ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ. 1937ರಿಂದ ಹೀಗೆಯೇ ನಡೆದಿದೆ. ಪಕ್ಷದ ಹೆಸರು ಮರೆಮಾಡಿದರೆ ನಮ್ಮಲ್ಲಿ ಜಾತಿಯೇ ಉಳಿದೀತು ಎಂಬ ಭಯ ನನಗಿದೆ. ಆದರೆ ಮೊದಲ ಸುತ್ತಿನಲ್ಲಿ ಮುಂದಿರುವ ಇಬ್ಬರನ್ನು ಮಾತ್ರ ನವೆಂಬರಿನ ಕಣಕ್ಕೆ ಬಿಡುವ ಪದ್ಧತಿ ನಮಗೂ ಬೇಕು. ತ್ರಿಕೋನ ಸ್ಪರ್ಧೆಯಲ್ಲಿ ಮೂರರಲ್ಲೊಂದು ಪಾಲು ಮತ ಪಡೆದವರೂ ಗೆದ್ದುಬಿಡುವುದು ನಿಲ್ಲುತ್ತದೆ.

ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಅಹವಾಲಿನ ಆ ಕುರ್ಚಿ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ ಕಂಡ ಜಿಲ್ಲೆ ನಮ್ಮದು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋಗಿ ಗೇಣಿದಾರರ ಪರ ನಿಂತರು. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರ ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅವರ ಭೂಮಿಯ ಮಸೂದೆ ಬಂದಾಗ ಸದನ ಸಮಿತಿ ಹೊಸನಗರಕ್ಕೇ ಬಂದು ಕೇಳಲಿ.

ಮೊನ್ನೆ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬೊಬ್ಬರಿಗೆ ಎಷ್ಟು ಹೊತ್ತು ಮಾತನಾಡಲು ಬಿಡುತ್ತಾರೆ?" ಎಂದು ಕೇಳಿದರು.